ಬಿಸಿ ನೋಡಿ, ನೀರು ನೋಡಿ: ನಿಡಘಟ್ಟ–ಮದ್ದೂರು ದಾರಿಯ ತಿಂಡಿಗಳ ತಪ್ಪು ಕಲ್ಪನೆ ಮತ್ತು ಸತ್ಯ

ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯನ್ನು ಎರಡು ಹಂತದಲ್ಲಿ ಕಟ್ಟಿದರು. ಬೆಂಗಳೂರಿನಿಂದ ನಿಡಘಟ್ಟದವರೆಗೆ 56 ಕಿಲೋಮೀಟರ್, ನಿಡಘಟ್ಟದಿಂದ ಮೈಸೂರಿಗೆ 61 ಕಿಲೋಮೀಟರ್. ನಿಡಘಟ್ಟ ದಾಟಿದರೆ ಮದ್ದೂರು. ರಜೆಯಲ್ಲಿ ಗೆಳೆಯರು ಕೂಡಿ ಹೊರಟರೆ ಕೊಕ್ಕರೆಬೆಳ್ಳೂರು, ಶಿವಪುರದ ಸತ್ಯಾಗ್ರಹ ಸೌಧ, ಮಳವಳ್ಳಿ ಕಡೆಯ ಗಗನಚುಕ್ಕಿ ಜಲಪಾತ ಎಲ್ಲವನ್ನೂ ಈ ದಾರಿಯಿಂದಲೇ ಹೋಗಿ ನೋಡಬಹುದು. ಊರು ನೋಡುವುದರಲ್ಲಿ ಅರ್ಧ ಸುಖ ಅಲ್ಲಿನ ತಿಂಡಿಯದು. ಆದರೆ ಬೀದಿ ತಿಂಡಿಯ ಬಗ್ಗೆ ನಮ್ಮಲ್ಲಿ ಬೇಡದ ಕಡೆ ಭಯವಿದೆ, ಬೇಕಾದ ಕಡೆ ಎಚ್ಚರವಿಲ್ಲ. ಅಂಥ ಕೆಲವು ನಂಬಿಕೆಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಉದ್ದಿನ ವಡೆಯನ್ನು ಚಪ್ಪಟೆ ತಟ್ಟಿದರೆ ಮದ್ದೂರು ವಡೆ.

ಸತ್ಯ: ಮದ್ದೂರು ವಡೆಗೆ ಉದ್ದಿನ ಬೇಳೆಯೇ ಬೇಡ, ನೆನೆಸುವ, ರುಬ್ಬುವ ಕೆಲಸವೂ ಇಲ್ಲ. ಚಿರೋಟಿ ರವೆ, ಅಕ್ಕಿ ಹಿಟ್ಟು, ಮೈದಾ ಕೂಡಿಸಿ, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹಾಕಿ, ಕಾಯಿಸಿದ ಎಣ್ಣೆಯನ್ನೋ ತುಪ್ಪವನ್ನೋ ಬೆರೆಸಿ ಗಟ್ಟಿಯಾಗಿ ಕಲಸುತ್ತಾರೆ. ಈರುಳ್ಳಿ ಬಿಡುವ ನೀರೇ ಮುಕ್ಕಾಲು ಸಾಕಾಗುತ್ತದೆ. ಕೈಯಲ್ಲಿ ತಟ್ಟಿ ಹದವಾದ ಉರಿಯಲ್ಲಿ ಕರಿದರೆ ಅಂಚು ಗರಿಗರಿ, ನಡುವೆ ಮೃದು. 1917ರ ಸುಮಾರಿಗೆ ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುದ್ಯ ಅವರು, ರೈಲು ಬರುವ ಹೊತ್ತಿಗೆ ಬೇಗ ಬೇಯಲೆಂದು ಹಿಟ್ಟನ್ನು ಚಪ್ಪಟೆಯಾಗಿ ತಟ್ಟಿ ಎಣ್ಣೆಗೆ ಬಿಟ್ಟರು ಎಂಬ ಕಥೆ ಊರಿನವರ ಬಾಯಲ್ಲಿದೆ. ನೀರಿನಂಶ ಕಡಿಮೆ ಇರುವುದರಿಂದ ಇದು ಉದ್ದಿನ ವಡೆಗಿಂತ ಹೆಚ್ಚು ಹೊತ್ತು ಕೆಡದೆ ಉಳಿಯುತ್ತದೆ. ಪ್ರಯಾಣಿಕರ ಬುತ್ತಿಗೆ ಇದು ಒಗ್ಗಿದ್ದಕ್ಕೆ ಈ ಗುಣವೂ ಕಾರಣ.

ತಪ್ಪು ಕಲ್ಪನೆ: ತಳ್ಳುಗಾಡಿಯದು ಅಪಾಯ, ಒಳಗೆ ಕೂತು ತಿನ್ನುವ ಹೋಟೆಲಿನದು ಸುರಕ್ಷಿತ.

ಸತ್ಯ: ರೋಗಾಣುವಿಗೆ ಗಾಡಿ, ಹೋಟೆಲು ಎಂಬ ಭೇದವಿಲ್ಲ. ಅದಕ್ಕೆ ಬೇಕಾದ್ದು ತೇವ, ಉಗುರುಬೆಚ್ಚನೆಯ ಶಾಖ ಮತ್ತು ಸಮಯ. ಅದಕ್ಕೇ ಬೇಯಿಸಿದ ಆಹಾರವನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿ, ಇಲ್ಲವೇ 5 ಡಿಗ್ರಿಗಿಂತ ತಣ್ಣಗೆ ಇಡಬೇಕೆಂದು ಆಹಾರ ಸುರಕ್ಷತೆಯ ತಜ್ಞರು ಹೇಳುವುದು. ನಮ್ಮ ಕಣ್ಣೆದುರೇ ಕಾದ ಎಣ್ಣೆಯಿಂದ ಎತ್ತಿಕೊಟ್ಟ ವಡೆ, ಗಂಟೆಗಟ್ಟಲೆ ತಟ್ಟೆಯಲ್ಲಿ ಆರಿ ಕೂತ ಹೋಟೆಲ್ ಪಲಾವಿಗಿಂತ ನಂಬಿಕಸ್ತ. ಆರಿದ್ದನ್ನು ಮತ್ತೆ ಬಿಸಿ ಮಾಡಿದರೂ ಭರವಸೆಯಿಲ್ಲ. ಕೆಲವು ಬ್ಯಾಕ್ಟೀರಿಯಾ ಆಗಲೇ ಬಿಟ್ಟಿರುವ ವಿಷ ಆ ಶಾಖಕ್ಕೆ ಹೋಗುವುದಿಲ್ಲ.

ಹಾಗೆಂದು ಗಾಡಿಯದೆಲ್ಲ ನಿರಪಾಯ ಎನ್ನಲಾಗದು. ವಡೆಗಿಂತ ಅದರ ಪಕ್ಕದ ಚಟ್ನಿ ನೋಡಿ. ಹಸಿ ಕಾಯಿ, ಕಾಯಿಸದ ನೀರು, ಬೆಳಗ್ಗಿನಿಂದ ಬಿಸಿಲಲ್ಲೇ ಇರುವ ಪಾತ್ರೆ, ಎಲ್ಲರ ಕೈ ತಾಗುವ ಸೌಟು. ಪಾನಿಪುರಿಯ ನೀರಿಗೂ ಇದೇ ಮಾತು. "ಅಣ್ಣ, ಈಗ ಹಾಕಿದ್ದಾ?" ಎಂದು ಕೇಳಿ ತಿನ್ನುವುದರಲ್ಲಿ ಯಾರಿಗೂ ಅವಮಾನವಿಲ್ಲ.

ತಪ್ಪು ಕಲ್ಪನೆ: ಹೊಟ್ಟೆ ಕೆಟ್ಟರೆ ಕೊನೆಗೆ ತಿಂದದ್ದೇ ಕಾರಣ.

ಸತ್ಯ: ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ವಿಷ ಅರ್ಧ ಗಂಟೆಯಿಂದ 8 ಗಂಟೆಯೊಳಗೆ ವಾಂತಿ ತರಿಸಬಲ್ಲದು. ಸಾಲ್ಮೊನೆಲ್ಲಾ ಸೋಂಕು ಕಾಣಿಸಿಕೊಳ್ಳಲು 6 ಗಂಟೆಯಿಂದ 6 ದಿನದವರೆಗೂ ಹಿಡಿಯಬಹುದು. ಅಂದರೆ ಮದ್ದೂರಿನಲ್ಲಿ ಬಂದ ಹೊಟ್ಟೆನೋವಿನ ಮೂಲ ಹಿಂದಿನ ದಿನ ಬೆಂಗಳೂರಿನಲ್ಲಿ ಉಂಡ ಊಟದಲ್ಲೂ ಇರಬಹುದು. ದೂರು ಮಾತ್ರ ಕಣ್ಣಿಗೆ ಕಂಡ ಗಾಡಿಯವನ ಮೇಲೆ ಬೀಳುತ್ತದೆ. ಇದು ಅನ್ಯಾಯ.

ತಪ್ಪು ಕಲ್ಪನೆ: ಐಸಿನ ತಂಪಿಗೆ ರೋಗಾಣು ಸಾಯುತ್ತದೆ.

ಸತ್ಯ: ಹೆಪ್ಪುಗಟ್ಟಿದರೆ ಹೆಚ್ಚಿನ ರೋಗಾಣುಗಳ ಬೆಳವಣಿಗೆ ನಿಲ್ಲುತ್ತದೆ, ಜೀವ ಹೋಗುವುದಿಲ್ಲ. ಕರಗಿದೊಡನೆ ಮತ್ತೆ ಚುರುಕಾಗುತ್ತವೆ. ಮಂಡ್ಯ ಸೀಮೆಯ ಕಬ್ಬಿನ ಹಾಲು ಕುಡಿಯದೆ ಬರಬಾರದು ನಿಜ. ಆದರೆ ತೊಳೆದ ಕಬ್ಬು, ತೊಳೆದ ಗಾಣ, ತೊಳೆದ ಲೋಟ ನೋಡಿ, ಐಸ್ ಹಾಕಿಸದೆ, ಹಿಂಡಿದ ಕೂಡಲೇ ಕುಡಿಯಿರಿ.

ತಪ್ಪು ಕಲ್ಪನೆ: ಎಳನೀರು ಕುಡಿದರೆ ನೆಗಡಿ.

ಸತ್ಯ: ನೆಗಡಿ ತರುವುದು ವೈರಸ್, ಎಳನೀರಲ್ಲ. ಮದ್ದೂರಿನ ಎಳನೀರು ಮಾರುಕಟ್ಟೆ ದೊಡ್ಡದು. ಇಲ್ಲಿಂದ ದೂರದ ಊರುಗಳಿಗೂ ಲಾರಿಗಳಲ್ಲಿ ಕಾಯಿ ಹೋಗುತ್ತದೆ. ಆಗಲೇ ಕೆತ್ತಿಕೊಟ್ಟ ಎಳನೀರಿಗೆ ಹೊರಗಿನ ನೀರು ಸೇರುವುದಿಲ್ಲವಾದ್ದರಿಂದ ದಾರಿಯಲ್ಲಿ ಇದಕ್ಕಿಂತ ಶುಚಿಯಾದ ಪಾನೀಯ ಸಿಗುವುದು ಕಷ್ಟ. ಇದರಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಕುಡಿಯಬೇಕು.

ತಪ್ಪು ಕಲ್ಪನೆ: ಬಣ್ಣ ಚೆನ್ನಾಗಿದ್ದರೆ ಪದಾರ್ಥ ಚೆನ್ನ.

ಸತ್ಯ: ಕೆಂಪಗೆ ಮಿಂಚುವ ಗೋಬಿಯ ಬಣ್ಣ ಮೆಣಸಿನಕಾಯಿಯದೇ ಆಗಬೇಕಿಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ, ರೋಡಮೈನ್-ಬಿ ಬಳಸಿದ ಬಾಂಬೆ ಮಿಠಾಯಿಯನ್ನೂ ನಿಷೇಧಿಸಿತು. ಬೆಲ್ಲದ ವಿಷಯದಲ್ಲಿ ನಮ್ಮ ಕಣ್ಣು ಇನ್ನೂ ಹೆಚ್ಚು ಮೋಸ ಹೋಗುತ್ತದೆ. ಆಲೆಮನೆಯಲ್ಲಿ ಬಣ್ಣ ಬಿಳುಪಾಗಲೆಂದು ಕೆಲವರು 'ಹೈಡ್ರೋಸ್' ಎಂಬ ರಾಸಾಯನಿಕ ಹಾಕುತ್ತಾರೆ. ಗಿರಾಕಿ ಹೊಳೆಯುವ ಹಳದಿ ಬೆಲ್ಲವನ್ನೇ ಕೇಳುವುದರಿಂದ ಇದು ನಡೆದಿದೆ. ರಾಸಾಯನಿಕ ಬೀಳದ ಬೆಲ್ಲ ಸಾಮಾನ್ಯವಾಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಕೊಳಕೆಂದು ತಳ್ಳಬೇಡಿ. ಹಾಗೇ, ಬೆಲ್ಲ ಸಕ್ಕರೆ ಕಾಯಿಲೆಯವರಿಗೆ ಒಗ್ಗುತ್ತದೆ ಎಂಬುದೂ ಸುಳ್ಳು. ಅದರಲ್ಲಿರುವುದೂ ಬಹುಪಾಲು ಸಕ್ಕರೆಯೇ.

ತಪ್ಪು ಕಲ್ಪನೆ: ಪೇಪರಿನಲ್ಲಿ ಒತ್ತಿದರೆ ಎಣ್ಣೆ ಹೋಗಿ ಆರೋಗ್ಯಕ್ಕೆ ಒಳ್ಳೆಯದು.

ಸತ್ಯ: ಬಿಸಿ ಎಣ್ಣೆಗೆ ಅಚ್ಚಿನ ಶಾಯಿ ತಿಂಡಿಗೆ ಹತ್ತುತ್ತದೆ. ಆಹಾರವನ್ನು ದಿನಪತ್ರಿಕೆಯಲ್ಲಿ ಕಟ್ಟಿಕೊಡುವುದನ್ನು 2018ರ ಪ್ಯಾಕೇಜಿಂಗ್ ನಿಯಮ ನಿಷೇಧಿಸಿದೆ. ಬಾಳೆ ಎಲೆ, ಮುತ್ತುಗದ ಎಲೆ ಕೇಳಿ.

ತಪ್ಪು ಕಲ್ಪನೆ: ಹೊಸ ಹೆದ್ದಾರಿ ಬಂದ ಮೇಲೆ ಈ ದಾರಿಯ ತಿಂಡಿಯ ಕಾಲ ಮುಗಿಯಿತು.

ಸತ್ಯ: 2023ರ ಮಾರ್ಚ್ 12ರಂದು ಹೆದ್ದಾರಿ ಉದ್ಘಾಟನೆಯಾದ ಮೇಲೆ ನಿಲ್ಲದೆ ಹೋಗುವ ಕಾರುಗಳು ಹೆಚ್ಚಿ, ಹಳೆ ರಸ್ತೆಯ ಅಂಗಡಿಗಳಿಗೆ ಪೆಟ್ಟು ಬಿದ್ದಿದೆ. ಆದರೆ ಒಲೆ ಆರಿಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೋಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಅವು ಸರ್ವಿಸ್ ರಸ್ತೆಯಲ್ಲಿ ಊರುಗಳನ್ನು ಮುಟ್ಟುತ್ತಲೇ ಸಾಗುತ್ತವೆ. ಕಾರಿನವರೂ ಮದ್ದೂರು ಪೇಟೆಗೆ ಇಳಿದರೆ ಅಲ್ಪ ಸಮಯದ ಮಾತು, ರೈಲಿನವರಿಗಂತೂ ನಿಲ್ದಾಣವೇ ಇದೆ. ಹೆದ್ದಾರಿ ಉಳಿಸಿಕೊಟ್ಟ ಹೊತ್ತಿನಲ್ಲಿ ಸ್ವಲ್ಪವನ್ನು ಈ ಊರಿಗೆ ಕೊಡಿ. ಬಿಸಿ ಕೇಳಿ, ನೀರು ನೋಡಿ, ಶುಚಿಯಾಗಿ ಮಾಡುವವರ ಬಳಿಯೇ ಮತ್ತೆ ಮತ್ತೆ ಕೊಳ್ಳಿ. ಗಿರಾಕಿ ಶುಚಿಯನ್ನು ಕೇಳಿ ಕೊಂಡರೆ ಮಾರುವವರೂ ಅದನ್ನೇ ಕೊಡುತ್ತಾರೆ. ಈ ದಾರಿಯ ರುಚಿ ಉಳಿಯುವುದು ಆ ವ್ಯಾಪಾರದಿಂದಲೇ.