ಹಳೆಯ ಕಾರಿಗೆ ತಕ್ಕ ಆಯಿಲ್ ಯಾವುದು?

ನಮ್ಮ ಸದಸ್ಯರಲ್ಲಿ ಅನೇಕರ ಬಳಿ ಹತ್ತು ಹದಿನೈದು ವರ್ಷ ದಾಟಿದ ಕಾರೊಂದು ಇದ್ದೇ ಇರುತ್ತದೆ. ಅದು ಮಾರುತಿ 800 ಆಗಿರಬಹುದು, ಅಂಬಾಸಿಡರ್ ಆಗಿರಬಹುದು. ಎರಡರ ತಯಾರಿಕೆಯೂ 2014ರಲ್ಲಿ ನಿಂತಿದೆ. ಲೆಕ್ಕದ ಪುಸ್ತಕದಲ್ಲಿ ಇಂತಹ ಕಾರಿಗೆ ಹೆಚ್ಚಿನ ಬೆಲೆ ಉಳಿದಿರುವುದಿಲ್ಲ. ನಾಲ್ಕು ಲಕ್ಷ ರೂಪಾಯಿಗೆ ಕೊಂಡ ಕಾರಿಗೆ ಆದಾಯ ತೆರಿಗೆಯ ರೀತ್ಯಾ ಶೇ. 15ರಂತೆ ಸವಕಳಿ ಕಳೆಯುತ್ತ ಬಂದರೆ ಹತ್ತು ವರ್ಷಗಳ ಕೊನೆಗೆ ಉಳಿಯುವುದು ಸುಮಾರು 78,750 ರೂಪಾಯಿ. ಆದರೂ ವಸೂಲಿಗೆ, ಬ್ಯಾಂಕಿಗೆ, ಗೋದಾಮಿಗೆ ಓಡಾಡುವ ಕೆಲಸವನ್ನು ಅದು ತಕರಾರಿಲ್ಲದೆ ಮಾಡುತ್ತಿರುತ್ತದೆ. ಎಂಜಿನ್ ಬಿಚ್ಚಿ ಕಟ್ಟಿಸುವ ಪ್ರಸಂಗ ಒದಗಿದರೆ ಆ ಉಳಿದ ಮೊತ್ತದ ದೊಡ್ಡ ಪಾಲು ಅದಕ್ಕೇ ಹೋದೀತು. ಆ ಪ್ರಸಂಗವನ್ನು ಮುಂದೂಡುವ ಅಗ್ಗದ ಉಪಾಯವೆಂದರೆ ಸರಿಯಾದ ಆಯಿಲ್‌ಗಳ ಬಳಕೆ.

ದುಬಾರಿ ಆಯಿಲ್ ಎಂದರೆ ಒಳ್ಳೆಯ ಆಯಿಲ್ ಎಂಬ ಭಾವನೆ ವ್ಯಾಪಕವಾಗಿದೆ. ಹೊಸ ಕಾರುಗಳಿಗೆಂದು ಬಂದಿರುವ 0ಡಬ್ಲ್ಯು-20, 5ಡಬ್ಲ್ಯು-30 ಮುಂತಾದ ತೆಳು ಆಯಿಲ್‌ಗಳನ್ನು ಹಳೆಯ ಎಂಜಿನ್ನಿಗೂ ಹಾಕಿಕೊಡುವ ವರ್ಕ್‌ಶಾಪ್‌ಗಳುಂಟು. ಇಲ್ಲಿ ಮೊದಲ ಸಂಖ್ಯೆ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆಂಬುದನ್ನೂ ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರ ಸ್ನಿಗ್ಧತೆ ಎಷ್ಟು ಉಳಿದಿರುತ್ತದೆಂಬುದನ್ನೂ ಸೂಚಿಸುತ್ತವೆ. ಹಿಮ ಬೀಳದ ನಮ್ಮ ಸೀಮೆಯಲ್ಲಿ ಮೊದಲನೆಯದಕ್ಕಿಂತ ಎರಡನೆಯದೇ ಮುಖ್ಯ. ರಿಂಗು, ಬೇರಿಂಗುಗಳು ಸವೆದ ಎಂಜಿನ್ನಿನಲ್ಲಿ ತೆಳು ಆಯಿಲ್ ಸಂದಿಗಳಲ್ಲಿ ಜಾರಿ ಪೆಟ್ರೋಲಿನೊಡನೆ ಉರಿದುಹೋಗುತ್ತದೆ, ಒತ್ತಡವೂ ಇಳಿಯುತ್ತದೆ. ಹಳೆಯ ಕಾರುಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವುದು 20ಡಬ್ಲ್ಯು-40, 20ಡಬ್ಲ್ಯು-50 ಅಥವಾ 15ಡಬ್ಲ್ಯು-40. ಅದರಲ್ಲಿ ನಮೂದಾದುದನ್ನೇ ಹಾಕಿಸುವುದು ಕ್ಷೇಮ. ಹಾಗೆಂದು ಅದಕ್ಕಿಂತ ಗಟ್ಟಿಯಾದುದನ್ನು ಸುರಿಯುವುದೂ ತರವಲ್ಲ. ಬೆಳಿಗ್ಗೆ ಚಾಲೂ ಮಾಡಿದಾಗ ಅದು ಮೇಲಿನ ಭಾಗಗಳನ್ನು ತಲುಪಲು ತಡವಾಗುತ್ತದೆ.

ಪುಶ್‌ರಾಡ್ ಎಂಜಿನ್ನಿನ ಅಂಬಾಸಿಡರ್, ಪದ್ಮಿನಿಗಳನ್ನು ಇಟ್ಟುಕೊಂಡವರು ಇನ್ನೊಂದು ಸಂಗತಿ ಗಮನಿಸಬೇಕು. ಅವುಗಳ ಕ್ಯಾಮ್ ಮತ್ತು ಟ್ಯಾಪೆಟ್‌ಗಳನ್ನು ಕಾಯುವುದು ಆಯಿಲ್‌ನಲ್ಲಿ ಬೆರೆಸಿದ ಸತು ಮತ್ತು ರಂಜಕದ ಸಂಯುಕ್ತ. 2004ರಲ್ಲಿ ಬಂದ ಎಪಿಐ ಎಸ್‌ಎಂ ದರ್ಜೆಯಿಂದ ತೆಳು ಗ್ರೇಡುಗಳಲ್ಲಿ ರಂಜಕದ ಪ್ರಮಾಣ ಶೇ. 0.08ಕ್ಕೆ ಮಿತಿಗೊಂಡಿತು. 20ಡಬ್ಲ್ಯು-40ರಂತಹ ಗ್ರೇಡುಗಳಿಗೆ ಆ ಮಿತಿ ಇಲ್ಲ. ಅಗ್ಗದ ಆಯಿಲ್ ಇಲ್ಲಿ ದುಬಾರಿಯದಕ್ಕಿಂತ ಉಪಕಾರಿಯಾಗುವುದು ಹೀಗೆ.

ಗೇರ್ ಆಯಿಲ್‌ನಲ್ಲಿ ಜಿಎಲ್-4, ಜಿಎಲ್-5 ಎಂಬ ಎರಡು ದರ್ಜೆಗಳಿವೆ. ಸಂಖ್ಯೆ ದೊಡ್ಡದೆಂದು ಜಿಎಲ್-5 ಆರಿಸುವುದು ಸರಿಯಲ್ಲ. ಅದರಲ್ಲಿರುವ ಹೆಚ್ಚಿನ ಗಂಧಕಯುಕ್ತ ಮಿಶ್ರಣ ಹಳೆಯ ಗೇರ್‌ಬಾಕ್ಸಿನ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗುಗಳನ್ನು ತಿನ್ನಬಲ್ಲದು.

ಎಲ್ಲಕ್ಕಿಂತ ಹೆಚ್ಚು ಉಪೇಕ್ಷೆಗೆ ಒಳಗಾಗಿರುವುದು ಬ್ರೇಕ್ ಆಯಿಲ್. ಎಂಜಿನ್ ಆಯಿಲ್ ಬದಲಾಯಿಸಿದ ಬಿಲ್ಲುಗಳು ಲೆಕ್ಕಪತ್ರಗಳಲ್ಲಿ ತಪ್ಪದೆ ಸಿಗುತ್ತವೆ. ಬ್ರೇಕ್ ಆಯಿಲ್‌ನ ಬಿಲ್ಲು ನನ್ನ ಕಣ್ಣಿಗೆ ಬಿದ್ದದ್ದು ಅಪರೂಪ. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಗೆ ನಿಗದಿಯಾದ ಕನಿಷ್ಠ ಕುದಿಬಿಂದು ಹೊಸದಾಗಿದ್ದಾಗ 205 ಡಿಗ್ರಿ, ತೇವ ಹೀರಿದ ಮೇಲೆ 140 ಡಿಗ್ರಿ. ಡಾಟ್ 4ಕ್ಕೆ ಇವು ಕ್ರಮವಾಗಿ 230 ಮತ್ತು 155. ಸರಕು ತುಂಬಿಕೊಂಡು ಚಾರ್ಮಾಡಿ ಘಾಟಿ ಇಳಿಯುವಾಗ ಕಾಲು ಬ್ರೇಕಿನ ಮೇಲೆಯೇ ಇದ್ದರೆ ಹಳೆಯ ದ್ರವ ಕುದಿದು ಆವಿಯಾಗುತ್ತದೆ, ಪೆಡಲ್ ತಳಕ್ಕೆ ಹೋದರೂ ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಇದನ್ನು ಪೂರ್ತಿ ತೆಗೆಸಿ ಹೊಸದನ್ನು ಹಾಕಿಸಬೇಕು. ಡಾಟ್ 3ರ ಜಾಗದಲ್ಲಿ ಡಾಟ್ 4 ನಡೆಯುತ್ತದೆ. ಸಿಲಿಕೋನಿನಿಂದಾದ ಡಾಟ್ 5 ಇವುಗಳೊಡನೆ ಬೆರೆಯುವುದಿಲ್ಲ.

ರೇಡಿಯೇಟರಿಗೆ ಬೋರ್‌ವೆಲ್‌ನ ಗಡಸು ನೀರು ಬೇಡ, ಅದು ಒಳಗೆ ಕಿಟ್ಟ ಕಟ್ಟುತ್ತದೆ. ಕೂಲೆಂಟನ್ನು ಬಣ್ಣ ನೋಡಿ ಬೆರೆಸುವುದೂ ಬೇಡ. ಬಣ್ಣ ತಯಾರಕರ ಇಚ್ಛೆಗೆ ಸೇರಿದ್ದು, ಗುಣಮಟ್ಟದ ಗುರುತಲ್ಲ.

ಕೊಳ್ಳುವಾಗ ಅಧಿಕೃತ ವಿತರಕರಿಂದ ಸೀಲು ಮಾಡಿದ ಡಬ್ಬಿಯನ್ನು ಜಿಎಸ್‌ಟಿ ಬಿಲ್ಲಿನೊಡನೆ ಪಡೆಯಿರಿ. ಕಾರು ವ್ಯವಹಾರಕ್ಕೆ ಬಳಕೆಯಾದ ಮಟ್ಟಿಗೆ ಆ ವೆಚ್ಚ ಆದಾಯದಲ್ಲಿ ಕಳೆಯಲು ಅರ್ಹ. ಬಿಲ್ಲಿನ ಮೇಲೆ ಕಾರಿನ ನೋಂದಣಿ ಸಂಖ್ಯೆಯನ್ನೂ ಓಡಿದ ಕಿಲೋಮೀಟರನ್ನೂ ಬರೆಸಿಡಿ. ಖಾಲಿ ಡಬ್ಬಿಯನ್ನು ನಿಮ್ಮ ಎದುರಿಗೇ ತೂತು ಮಾಡಿಸಿ. ಅಸಲಿ ಡಬ್ಬಿಯಲ್ಲಿ ನಕಲಿ ಆಯಿಲ್ ತುಂಬಿ ಮಾರುವವರ ಕೈಗೆ ಅದು ಸಿಗಬಾರದು.