ಮೂರು ಸೂರ್ಯರ ಖರ್ಚು

36ಕ್ಕೆ 29 ಕೂಡಿಸಿದರೆ 65. ಆಕಾಶದಲ್ಲಿ ಒಮ್ಮೆ ಅದು 62 ಆಯಿತು.

ಒಂದು ಕಪ್ಪುಕುಳಿ 36 ಸೂರ್ಯರಷ್ಟು ತೂಕದ್ದು, ಇನ್ನೊಂದು 29ರಷ್ಟು. ಪರಸ್ಪರ ಸುತ್ತುತ್ತ ಹತ್ತಿರವಾಗಿ, ನಡುವಿನ ಅಂತರ ಬರೀ 350 ಕಿಲೋಮೀಟರಿಗೆ ಇಳಿದಾಗ 75 ಸುತ್ತು ಹಾಕುವ ವೇಗ ಬಂದಿತ್ತು. ಗಂಟೆಗಲ್ಲ, ಸೆಕೆಂಡಿಗೆ! ಆಮೇಲೆ ಎರಡೂ ಒಂದಾದವು. ಹೊಸ ಕುಳಿ ತೂಗಿದ್ದು 62 ಸೂರ್ಯರಷ್ಟು ಮಾತ್ರ. ಉಳಿದ ಮೂರು ಸೂರ್ಯರ ದ್ರವ್ಯ, ಎಂದರೆ ಸುಮಾರು 10 ಲಕ್ಷ ಭೂಮಿಗಳಷ್ಟು, ಗುರುತ್ವದ ಅಲೆಯಾಗಿ ಹೊರಟುಹೋಯಿತು. ಬಹುಪಾಲು ಖರ್ಚಾದದ್ದು ಕೊನೆಯ 0.2 ಸೆಕೆಂಡಿನಲ್ಲಿ.

ನಮ್ಮ ಸೂರ್ಯನೂ ಸಣ್ಣ ಖರ್ಚಿನವನಲ್ಲ. ಸೆಕೆಂಡಿಗೆ 40 ಲಕ್ಷ ಟನ್ನಿಗೂ ಹೆಚ್ಚು ದ್ರವ್ಯವನ್ನು ಬೆಳಕಾಗಿ ಕಳೆದುಕೊಳ್ಳುತ್ತಾನೆ. ಅದೇ ವೇಗದಲ್ಲಿ ಮೂರು ಸೂರ್ಯರನ್ನು ಮುಗಿಸಲು ಸುಮಾರು 45 ಲಕ್ಷ ಕೋಟಿ ವರ್ಷ ಬೇಕು. ವಿಶ್ವದ ವಯಸ್ಸೇ 1380 ಕೋಟಿ. ಕುಳಿಗಳು ಒಂದಾದ ಗಳಿಗೆಯ ಶಕ್ತಿ ಕಾಣುವ ವಿಶ್ವದ ಎಲ್ಲ ನಕ್ಷತ್ರಗಳ ಬೆಳಕಿಗಿಂತ ಹತ್ತಾರು ಪಟ್ಟು ಮಿಗಿಲು ಎಂದೂ ಹೇಳುತ್ತಾರೆ. ನನಗೇನೋ ಮೊದಲಿನ ಲೆಕ್ಕವೇ ಹೆಚ್ಚು ದಿಗಿಲು ಹುಟ್ಟಿಸುತ್ತದೆ.

ಅಲೆ ಹೊರಟಾಗ ಭೂಮಿಯ ಮೇಲೆ ಮೀನೂ ಇರಲಿಲ್ಲ, ಮರವೂ ಇರಲಿಲ್ಲ. ಸುಮಾರು 130 ಕೋಟಿ ವರ್ಷ ಸಾಗಿ, 2015ರ ಸೆಪ್ಟೆಂಬರ್ 14ರಂದು, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 3.20ಕ್ಕೆ, ಅಮೆರಿಕದ ಲಿವಿಂಗ್‌ಸ್ಟನ್‌ನಲ್ಲಿರುವ, ಇಂಥ ಅಲೆ ಹಿಡಿಯುವ ಲೈಗೋ ಉಪಕರಣವನ್ನು ಮುಟ್ಟಿತು. 7 ಮಿಲಿಸೆಕೆಂಡಿನ ನಂತರ 3000 ಕಿಲೋಮೀಟರ್ ಆಚೆಯ ಹ್ಯಾನ್‌ಫರ್ಡ್‌ನದನ್ನು. ಇಷ್ಟೆಲ್ಲ ಆರ್ಭಟದ ಫಲ? 4 ಕಿಲೋಮೀಟರಿನ ಎರಡು ಕೊಳವೆಗಳ ಉದ್ದದಲ್ಲಿ ಪ್ರೋಟಾನಿನ ಅಗಲದ ನೂರಾರು ಪಾಲಿನಲ್ಲಿ ಒಂದು ಪಾಲಿನಷ್ಟು ಹೆಚ್ಚುಕಡಿಮೆ. ಅದನ್ನೂ ಲೇಸರ್ ಬೆಳಕು ಹಿಡಿದುಬಿಟ್ಟಿತು.

ಅಲೆಯ ಬಾಲಕ್ಕೆ ಬೆಂಗಳೂರಿನ ನಂಟಿದೆ. ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವ ಹಾಗೆ, ಕಪ್ಪುಕುಳಿಯನ್ನು ಗಣಿತದಲ್ಲೇ ತಟ್ಟಿ ನೋಡಿದವರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಶಿಷ್ಯರಾಗಿದ್ದವರು. ಗುರುತ್ವದ ಅಲೆ ಬಡಿದರೆ ಕುಳಿ ತನ್ನದೇ ಸ್ವರದಲ್ಲಿ ಕಂಪಿಸಿ ಬೇಗ ಅಡಗುತ್ತದೆ, ಆ ಸ್ವರದಲ್ಲಿ ಅದರ ತೂಕದ ಸುಳಿವಿರುತ್ತದೆ ಎಂಬುದು 1970ರಲ್ಲಿ ಅವರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕದ ಸಾರ. ಆಗ ಕಪ್ಪುಕುಳಿ ಇದೆಯೋ ಇಲ್ಲವೋ ಎಂಬುದೇ ಚರ್ಚೆಯ ವಿಷಯ. ಲೈಗೋ ಹಿಡಿದ ಅಲೆಯ ತುದಿಯಲ್ಲಿ ಅಂಥದೇ ಕಂಪನ ಕಂಡಿತು: ಸೆಕೆಂಡಿಗೆ ಸುಮಾರು 250 ಸಲ, ಕೆಲವೇ ಮಿಲಿಸೆಕೆಂಡಿನಲ್ಲಿ ಮುಗಿದದ್ದು, 62 ಸೂರ್ಯರ ಕುಳಿಗೆ ಹೊಂದುವಂಥದ್ದು. 2016ರ ಫೆಬ್ರವರಿ 11ರಂದು ಈ ಸುದ್ದಿ ಹೊರಬಿದ್ದಾಗ ವಿಶ್ವೇಶ್ವರ ಅವರಿಗೆ 77 ವರ್ಷ.