ಉಚಿತವೆಂದ ಮಾತ್ರಕ್ಕೆ ಮುಕ್ತವಲ್ಲ

ಹೊಸ ಶತಮಾನದ ಹೊಸ್ತಿಲಲ್ಲಿ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಿಗೆಲ್ಲ ಒಂದು ಆಸೆ ಹುಟ್ಟಿತ್ತು. ಅಂತರಜಾಲದ ಮೂಲಕ ಪಾಠ ಮಾರಿ ಹಣ ಮಾಡಬಹುದೆಂಬ ಆಸೆ. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಅಂದರೆ ಎಂ.ಐ.ಟಿ. ಕೂಡ ಈ ಬಗ್ಗೆ ಅಧ್ಯಯನ ನಡೆಸಲು ಅಧ್ಯಾಪಕರ ಸಮಿತಿಯೊಂದನ್ನು ನೇಮಿಸಿತು. ಲೆಕ್ಕ ಹಾಕಿ ನೋಡಿದ ಸಮಿತಿಗೆ ಈ ವ್ಯಾಪಾರದಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಮಾರಿ ಪ್ರಯೋಜನವಿಲ್ಲವಾದರೆ ಕೊಟ್ಟೇ ಬಿಡೋಣ ಎಂಬ ವಿಚಾರ ಬಂದದ್ದು ಆಗ. 2001ರ ಏಪ್ರಿಲ್‌ನಲ್ಲಿ ಸಂಸ್ಥೆಯ ಅಧ್ಯಕ್ಷ ಚಾರ್ಲ್ಸ್ ವೆಸ್ಟ್ ಅದನ್ನು ಪ್ರಕಟಿಸಿದರು. ಮರುವರ್ಷ 50 ವಿಷಯಗಳ ಪಾಠಗಳು ಜಾಲತಾಣಕ್ಕೆ ಬಂದವು. 2007ರ ಹೊತ್ತಿಗೆ ಅವು 1,800 ಆದವು. ಸಂಸ್ಥೆಯ ಹೆಚ್ಚುಕಡಿಮೆ ಇಡೀ ಪಠ್ಯಕ್ರಮವೇ ಯಾರು ಬೇಕಾದರೂ ನೋಡುವಂತಾಯಿತು. ಪದವಿ ಮಾತ್ರ ಕೊಡುವುದಿಲ್ಲ; ಪಾಠಕ್ಕೆ ದುಡ್ಡಿಲ್ಲ.

ಭಾರತವೂ ಹಿಂದೆ ಬೀಳಲಿಲ್ಲ. ಆಗಿನ ಏಳು ಐ.ಐ.ಟಿ.ಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಕೇಂದ್ರ ಸರ್ಕಾರದ ಹಣದಿಂದ ಎನ್.ಪಿ.ಟಿ.ಇ.ಎಲ್. ಎಂಬ ಯೋಜನೆ ಆರಂಭಿಸಿದವು. ಅದರ ಉಪನ್ಯಾಸಗಳನ್ನು ಕೇಳಿಯೇ ಪರೀಕ್ಷೆ ಪಾಸು ಮಾಡಿದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ಉಂಟು. ಪಾಠ ಉಚಿತ, ಪ್ರಮಾಣಪತ್ರ ಬೇಕೆಂದರೆ ಪರೀಕ್ಷೆಗೆ ಶುಲ್ಕ. ಇನ್ನು ವಿಕಿಪೀಡಿಯ ಹುಟ್ಟಿದ್ದು 2001ರಲ್ಲಿ, ಅದರ ಕನ್ನಡ ಆವೃತ್ತಿ ಬಂದದ್ದು 2003ರಲ್ಲಿ. ಕರ್ನಾಟಕ ಜ್ಞಾನ ಆಯೋಗದ ಯೋಜನೆಯಾಗಿ ಆರಂಭವಾದ 'ಕಣಜ' ಇದೆ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ತೆರೆದ 'ಭಾರತವಾಣಿ' ಇದೆ.

ಇಷ್ಟೆಲ್ಲ ಇರುವಾಗ ಕೊರತೆ ಯಾವುದು? ಕೊರತೆ ಇರುವುದು 'ಉಚಿತ' ಎಂಬ ಮಾತಿನ ಅರ್ಥದಲ್ಲೇ.

ಬೇಸಿಗೆಯಲ್ಲಿ ದಾರಿ ಬದಿಗೆ ಅರವಟ್ಟಿಗೆ ಇಡುತ್ತಾರೆ. ದಣಿದು ಬಂದವನಿಗೆ ನೀರು, ಮಜ್ಜಿಗೆ ಸಿಗುತ್ತದೆ, ಯಾರೂ ಕಾಸು ಕೇಳುವುದಿಲ್ಲ. ಆದರೆ ಕೊಡ ತಂದು ತುಂಬಿಸಿಕೊಂಡು ಹೋಗುವಂತಿಲ್ಲ. ಇಟ್ಟವರು ನಾಳೆ ಎತ್ತಿಬಿಟ್ಟರೆ ಕೇಳುವ ಹಕ್ಕೂ ಇಲ್ಲ. ಊರ ಕೆರೆಯ ಮಾತು ಬೇರೆ. ಅಲ್ಲಿಯೂ ಕಟ್ಟಳೆ ಉಂಟು, ಸರದಿ ಉಂಟು, ನೀರುಗಂಟಿ ಉಂಟು. ಆದರೆ ಆ ನೀರಿನಲ್ಲಿ ಗದ್ದೆ ಬೆಳೆಯಬಹುದು. ಅಂತರಜಾಲದಲ್ಲಿ ಪುಕ್ಕಟೆ ಸಿಗುವ ಓದಿನ ಬಹುಪಾಲು ಅರವಟ್ಟಿಗೆಯ ನೀರು. ಓದಬಹುದು, ನೋಡಬಹುದು. ಅದನ್ನು ತಿದ್ದಿ, ಕನ್ನಡಕ್ಕೆ ತಂದು, ಅಚ್ಚು ಹಾಕಿಸಿ ಹತ್ತು ಶಾಲೆಗೆ ಹಂಚುತ್ತೇನೆಂದು ಹೊರಟರೆ ಹಕ್ಕುಸ್ವಾಮ್ಯ ಕಾಯಿದೆ ಅಡ್ಡ ನಿಲ್ಲುತ್ತದೆ.

1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕ ಬರೆದ ಕ್ಷಣದಲ್ಲೇ ಹಕ್ಕು ಹುಟ್ಟುತ್ತದೆ. ಅರ್ಜಿ ಹಾಕಬೇಕಿಲ್ಲ, ನೋಂದಾಯಿಸಬೇಕಿಲ್ಲ. ಲೇಖಕ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಆ ಹಕ್ಕು ವಾರಸುದಾರರಿಗೆ ಇರುತ್ತದೆ. ಮೊದಲು ಇದು 50 ವರ್ಷವಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯುವುದರಲ್ಲಿದ್ದಾಗ, ಅದನ್ನು ಉಳಿಸುವ ಸಲುವಾಗಿ ಸರ್ಕಾರ ಹತ್ತು ವರ್ಷ ಹೆಚ್ಚಿಸಿತು. ಒಬ್ಬ ಕವಿಗಾಗಿ ಆದ ತಿದ್ದುಪಡಿ ದೇಶದ ಎಲ್ಲ ಲೇಖಕರಿಗೂ ಅನ್ವಯಿಸಿತು. ಹೀಗಾಗಿ 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ. ಅವರ ಬರಹಗಳು 2007ರಿಂದ ಸಾರ್ವಜನಿಕರ ಸ್ವತ್ತು. 1975ರಲ್ಲಿ ತೀರಿಕೊಂಡ ಡಿ.ವಿ.ಜಿ. ಅವರವು ಆಗುವುದು 2036ರ ಜನವರಿ 1ಕ್ಕೆ. ಕುವೆಂಪು ಕೃತಿಗಳಿಗೆ 2055ರವರೆಗೆ ಕಾಯಬೇಕು. ಮೊಬೈಲಿನಲ್ಲಿ ದಿನವೂ ಹರಿದಾಡುವ ಕಗ್ಗದ ಪದ್ಯಗಳನ್ನು ಎಲ್ಲರದೆಂದು ತಿಳಿದವರೇ ಹೆಚ್ಚು. ಕಾಯಿದೆ ಹಾಗೆ ಹೇಳುವುದಿಲ್ಲ.

ಶಾಲೆಯೊಳಗಿನ ಪಾಠಕ್ಕೆ ಮಾತ್ರ ಕಾನೂನು ಸ್ವಲ್ಪ ಸಡಿಲ. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಜೆರಾಕ್ಸ್ ಅಂಗಡಿಯೊಂದು ಪಠ್ಯಭಾಗಗಳನ್ನು ಕಟ್ಟು ಮಾಡಿ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದುದನ್ನು ಪ್ರಶ್ನಿಸಿ ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶಕರು 2012ರಲ್ಲಿ ದಾವೆ ಹೂಡಿದ್ದರು. ಬೋಧನೆಯ ಸಲುವಾಗಿ ಮಾಡುವ ಪ್ರತಿಗೆ ಕಾಯಿದೆಯಲ್ಲೇ ವಿನಾಯಿತಿ ಇದೆ ಎಂದು ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿತು. ಮರುವರ್ಷ ಪ್ರಕಾಶಕರು ದಾವೆಯನ್ನೇ ಹಿಂದೆ ಪಡೆದರು. ತರಗತಿಯ ಮೇಷ್ಟರಿಗೆ ಇದು ಸಮಾಧಾನದ ವಿಷಯ. ಆದರೆ ಆ ಪ್ರತಿಯನ್ನೇ ಜಾಲತಾಣಕ್ಕೆ ಏರಿಸಿ ಊರಿಗೆಲ್ಲ ಹಂಚಲು ಈ ತೀರ್ಪು ಅಭಯ ಕೊಡುವುದಿಲ್ಲ.

ಹಾಗೆ ಏರಿಸಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನದೇ ನಿದರ್ಶನವಿದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ ಅವರ ಕನಸು ಹತ್ತು ಲಕ್ಷ ಪುಸ್ತಕಗಳನ್ನು ಗಣಕೀಕರಿಸುವುದು. ಭಾರತೀಯ ವಿಜ್ಞಾನ ಸಂಸ್ಥೆ ಇದರಲ್ಲಿ ಕೈಜೋಡಿಸಿತು. 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಹುಟ್ಟಿತು. ದೇಶದ ಹಲವು ಕೇಂದ್ರಗಳಲ್ಲಿ ಯಂತ್ರಗಳನ್ನಿಟ್ಟು ಹಳೆಯ ಪುಸ್ತಕಗಳ ಪುಟಪುಟದ ಚಿತ್ರ ತೆಗೆದರು. ಕನ್ನಡದ್ದೂ ಸೇರಿ ಲಕ್ಷಗಟ್ಟಲೆ ಪುಸ್ತಕಗಳು ಕಂಪ್ಯೂಟರಿಗೆ ಬಂದವು. ಮರುಮುದ್ರಣವೇ ಕಾಣದ ಶಾಸನ ಸಂಪುಟಗಳು, ನಿಂತುಹೋದ ಪತ್ರಿಕೆಗಳ ಸಂಚಿಕೆಗಳು ಸಂಶೋಧಕರಿಗೆ ಮನೆಯಲ್ಲೇ ದಕ್ಕಿದವು. ಆದರೆ ಹಕ್ಕು ಮುಗಿದವು ಯಾವುವು, ಮುಗಿಯದವು ಯಾವುವು ಎಂದು ಸರಿಯಾಗಿ ಬೇರ್ಪಡಿಸಿರಲಿಲ್ಲ. ಹಕ್ಕುಸ್ವಾಮ್ಯದ ತಕರಾರು ಬಂದು ಜಾಲತಾಣ ಮುಚ್ಚಿತು. ಹಕ್ಕು ಮುಗಿದ ಪುಸ್ತಕಗಳೂ ಅದರೊಂದಿಗೇ ಮರೆಯಾದವು, ಜೊಳ್ಳಿನೊಂದಿಗೆ ಕಾಳನ್ನೂ ತೂರಿದ ಹಾಗೆ. ಅದಕ್ಕೆ ಮುಂಚೆಯೇ ಆಸಕ್ತರು ಬಹಳಷ್ಟು ಪ್ರತಿಗಳನ್ನು ಅಮೆರಿಕದ 'ಇಂಟರ್‌ನೆಟ್ ಆರ್ಕೈವ್'ಗೆ ಸೇರಿಸಿದ್ದರಿಂದ ಅವು ಉಳಿದುಕೊಂಡಿವೆ. ಭಾರತದ ಹಣದಲ್ಲಿ ಭಾರತದಲ್ಲೇ ಚಿತ್ರ ತೆಗೆದ ಕನ್ನಡ ಪುಸ್ತಕ ಓದಲು ಸ್ಯಾನ್ ಫ್ರಾನ್ಸಿಸ್ಕೋದ ಸಂಸ್ಥೆಯೊಂದರ ಬಾಗಿಲು ತಟ್ಟಬೇಕಾದದ್ದು ವಿಚಿತ್ರವೇ ಸರಿ.

ಅರವಟ್ಟಿಗೆಯನ್ನು ಕೆರೆ ಮಾಡುವ ದಾರಿ ಇಲ್ಲವೆಂದಲ್ಲ. ಹಕ್ಕುಳ್ಳವರು ತಾವೇ ಮುಂಚಿತವಾಗಿ ಅನುಮತಿ ಬರೆದಿಟ್ಟರೆ ಆಯಿತು. ಪ್ರತಿಯೊಬ್ಬರೂ ವಕೀಲರ ಬಳಿ ಹೋಗಿ ಪತ್ರ ಮಾಡಿಸಲಾಗದೆಂದು ಅಮೆರಿಕದ ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸಿಗ್ ಮತ್ತು ಸಂಗಡಿಗರು 'ಕ್ರಿಯೇಟಿವ್ ಕಾಮನ್ಸ್' ಎಂಬ ಸಂಸ್ಥೆ ಕಟ್ಟಿ, 2002ರಲ್ಲಿ ಸಿದ್ಧ ಪರವಾನಗಿಗಳನ್ನು ಹೊರತಂದರು. ಹೆಸರು ಹೇಳಿ ಬಳಸಿ, ಬದಲಾಯಿಸಿದರೆ ಇದೇ ಷರತ್ತಿನಲ್ಲಿ ಹಂಚಿ, ಹಣಕ್ಕೆ ಬಳಸಬೇಡಿ ಎಂಬಂಥ ಷರತ್ತುಗಳಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಲೇಖಕ ಹಕ್ಕು ಬಿಟ್ಟುಕೊಟ್ಟಂತೆಯೂ ಅಲ್ಲ, ಬಾಗಿಲು ಮುಚ್ಚಿದಂತೆಯೂ ಅಲ್ಲ. ಅದೇ 2002ರಲ್ಲಿ ಯುನೆಸ್ಕೊ ಕರೆದ ಸಭೆಯೊಂದು ಇಂಥ ಪಾಠಸಾಮಗ್ರಿಗೆ 'ಮುಕ್ತ ಶೈಕ್ಷಣಿಕ ಸಂಪನ್ಮೂಲ' ಎಂಬ ಅರ್ಥ ಬರುವ ಹೆಸರಿಟ್ಟಿತು.

ಈ ಷರತ್ತುಗಳಲ್ಲೂ ಒಂದು ತೊಡಕಿದೆ. ಎಂ.ಐ.ಟಿ. ತನ್ನ ಪಾಠಗಳಿಗೆ ಹಣಕ್ಕೆ ಬಳಸಬಾರದೆಂಬ ಷರತ್ತು ಹಾಕಿದೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ವಿಕಿಪೀಡಿಯದ ಷರತ್ತಿನಲ್ಲಿ ಹಣದ ನಿರ್ಬಂಧವಿಲ್ಲ, ಆದ್ದರಿಂದ ಎಂ.ಐ.ಟಿ. ಪಾಠವನ್ನು ಅಲ್ಲಿಗೆ ತರಲು ಬಾರದು. ಅದನ್ನು ಕನ್ನಡಕ್ಕೆ ಅನುವಾದಿಸಿ, ಕಾಗದದ ಖರ್ಚಿಗೆಂದು ಬೆಲೆ ಇಟ್ಟು ಮಾರುವ ಸಣ್ಣ ಪ್ರಕಾಶಕನೂ ಹಿಂದೆಮುಂದೆ ನೋಡಬೇಕು. ಪುಸ್ತಕ ಅಂಗಡಿಯ ಮೂಲಕವೇ ಹಳ್ಳಿಗೆ ತಲುಪಬೇಕಾದ ನಮ್ಮಂಥ ಭಾಷೆಗೆ ಈ ಷರತ್ತು ಉಪಕಾರಕ್ಕಿಂತ ತೊಂದರೆಯನ್ನೇ ಹೆಚ್ಚು ಮಾಡುತ್ತದೆ.

ಕನ್ನಡದಲ್ಲಿ 2014 ನೆನಪಿಡಬೇಕಾದ ವರ್ಷ. ಮೈಸೂರು ವಿಶ್ವವಿದ್ಯಾಲಯ ದಶಕಗಳ ಕಾಲ ನೂರಾರು ವಿದ್ವಾಂಸರಿಂದ ಬರೆಸಿದ 14 ಸಂಪುಟಗಳ 'ಕನ್ನಡ ವಿಶ್ವಕೋಶ'ವನ್ನು ಆ ವರ್ಷ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಗ್ರಂಥಾಲಯದ ಗಾಜಿನ ಕಪಾಟಿನಲ್ಲಿದ್ದ ಲೇಖನಗಳು ಕನ್ನಡ ವಿಕಿಸೋರ್ಸ್‌ಗೆ, ಅಲ್ಲಿಂದ ವಿಕಿಪೀಡಿಯಕ್ಕೆ ಹರಿದವು. ಅದೇ ವರ್ಷ 'ಚಿರಸ್ಮರಣೆ'ಯ ಲೇಖಕ ನಿರಂಜನರ 50ಕ್ಕೂ ಹೆಚ್ಚು ಕೃತಿಗಳನ್ನು ಅವರ ಮಕ್ಕಳು ಇಂಥದೇ ಪರವಾನಗಿಯಲ್ಲಿ ನಾಡಿಗೆ ಒಪ್ಪಿಸಿದರು. ಕಾಯಿದೆಯ ಲೆಕ್ಕದಲ್ಲಿ ಅವುಗಳ ಹಕ್ಕು 2050 ದಾಟುವವರೆಗೂ ಅವರಿಗೆ ಇರುತ್ತಿತ್ತು. ಮಕ್ಕಳಿಗಾಗಿ 'ಜ್ಞಾನ ಗಂಗೋತ್ರಿ' ವಿಶ್ವಕೋಶದ ಏಳು ಸಂಪುಟಗಳನ್ನು ಸಂಪಾದಿಸಿದ ಬರಹಗಾರರಿಗೆ ಇದಕ್ಕಿಂತ ಒಪ್ಪುವ ಗೌರವ ಇರಲಾರದು.

ಆದರೆ ಸರ್ಕಾರದ ಪುಸ್ತಕಗಳ ಸ್ಥಿತಿ ನೋಡಿ. ಸಾರ್ವಜನಿಕರ ತೆರಿಗೆಯಿಂದ ಪ್ರಕಟವಾದದ್ದು ಸಾರ್ವಜನಿಕರದೇ ಎಂದು ಯಾರಾದರೂ ತಿಳಿದಾರು. ಕಾಯಿದೆ ಹೇಳುವುದು ಬೇರೆ. ಸರ್ಕಾರಿ ಪ್ರಕಟಣೆಗೂ, ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯವಿದೆ. ಗೆಜೆಟ್‌ನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಕರ್ನಾಟಕದ ಪಠ್ಯಪುಸ್ತಕಗಳನ್ನು ಜಾಲತಾಣದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಕಾಸು ಕೊಡಬೇಕಿಲ್ಲ. ಆದರೆ ಬಳಸಲು ಸ್ಪಷ್ಟ ಪರವಾನಗಿ ಇಲ್ಲದಿದ್ದರೆ, ಅದರ ಒಂದು ಪಾಠಕ್ಕೆ ತನ್ನ ಊರಿನ ಉದಾಹರಣೆ ಸೇರಿಸಿ ಮರುಮುದ್ರಿಸುವ ಶಿಕ್ಷಕ ಕಾನೂನಿನ ಕಣ್ಣಿಗೆ ತಪ್ಪಿತಸ್ಥ. ಇದನ್ನು ಸರಿಪಡಿಸಲು ಹೊಸ ಕಾಯಿದೆ ಬೇಕಿಲ್ಲ, ಹಣವೂ ಬೇಕಿಲ್ಲ. ಪುಸ್ತಕದ ಎರಡನೇ ಪುಟದಲ್ಲಿ ಒಂದು ಸಾಲು ಅಚ್ಚಾದರೆ ಸಾಕು. ರಾಜ್ಯದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರೇ ಸೇರಿ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ' ಎಂಬ ತಾಣದಲ್ಲಿ ಗಣಿತ, ವಿಜ್ಞಾನ, ಸಮಾಜ ಪಾಠಗಳನ್ನು ಇಂಥ ಅನುಮತಿಯೊಂದಿಗೆ ಬರೆದಿಟ್ಟಿದ್ದಾರೆ. ಅವರು ಮಾಡಿದ್ದನ್ನು ಇಲಾಖೆ ಮಾಡಲು ಏನಡ್ಡಿ?

ಅನುಮತಿ ಸಿಕ್ಕ ಮೇಲೂ ಕೆಲಸ ಉಳಿದಿರುತ್ತದೆ. ಚಿತ್ರ ತೆಗೆದ ಪುಟ ಕಂಪ್ಯೂಟರಿಗೆ ಬರೀ ಚಿತ್ರ. ಅದರಲ್ಲಿ 'ಹೊಯ್ಸಳ' ಎಂಬ ಪದ ಹುಡುಕಿದರೆ ಸಿಗದು. ಯಂತ್ರದಿಂದ ಓದಿಸಿದರೆ ಹಳೆಯ ಮೊಳೆ ಅಚ್ಚಿನಲ್ಲಿ ಒತ್ತಕ್ಷರಗಳು ಅದಲುಬದಲಾಗುತ್ತವೆ. 'ನುಡಿ'ಯಂಥ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡ್‌ಗೆ ಬದಲಾಯಿಸುವಾಗಲೂ ಇದೇ ಫಜೀತಿ. ಕೊನೆಗೆ ಮನುಷ್ಯರೇ ಕುಳಿತು ಕರಡು ತಿದ್ದಬೇಕು. ಕನ್ನಡ ವಿಕಿಸೋರ್ಸ್‌ನಲ್ಲಿ ಈ ಕೆಲಸವನ್ನು ಸಂಬಳವಿಲ್ಲದ ಸ್ವಯಂಸೇವಕರು ಮಾಡುತ್ತಿದ್ದಾರೆ. ಎಡಗಡೆ ಅಕ್ಷರ, ಬಲಗಡೆ ಮೂಲ ಪುಟದ ಚಿತ್ರ. ಒಬ್ಬರು ತಿದ್ದಿದ ಪುಟವನ್ನು ಇನ್ನೊಬ್ಬರು ಪರಿಶೀಲಿಸಿ ಒಪ್ಪಿದ ಮೇಲೆಯೇ ಅದಕ್ಕೆ ಹಸಿರು ಗುರುತು ಬೀಳುತ್ತದೆ.